ಗೋಡೆಗೆ ಕೂರಿಸುವ ಮುನ್ನ ಬೆನ್ನು ಓದಿ: ಸ್ಮಾರ್ಟ್ ಥರ್ಮೋಸ್ಟಾಟ್‌ನ ತಾಂತ್ರಿಕ ಮಾಹಿತಿ ಹುಡುಕಿ ಅರ್ಥ ಮಾಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಕೊಡಗಿನಲ್ಲಿ ಚಳಿಗೆ ಮದ್ದು ಅಂದರೆ ಬಹುಕಾಲ ಒಲೆ, ಕಂಬಳಿ, ಹಂಡೆ ತುಂಬ ಬಿಸಿನೀರು. ಈಗ ಹೋಂಸ್ಟೇ ಕೋಣೆಗಳಲ್ಲಿ ಆಯಿಲ್ ಹೀಟರ್ ಇದೆ, ಹೊಸದಾಗಿ ಕಟ್ಟಿದ ಕಾಟೇಜುಗಳ ಟೈಲ್ಸ್ ಅಡಿಯಲ್ಲಿ ಹೀಟಿಂಗ್ ಮ್ಯಾಟ್ ಇದೆ. ಅವುಗಳ ಬೆನ್ನಿಗೇ ಸ್ಮಾರ್ಟ್ ಥರ್ಮೋಸ್ಟಾಟ್ ಕೂಡ ಬಂದಿದೆ: ಕೋಣೆಯ ಉಷ್ಣಾಂಶ ನೋಡಿ ಹೀಟರನ್ನು ತಾನೇ ಆನ್-ಆಫ್ ಮಾಡುವ, ಫೋನಿನಿಂದಲೂ ನಡೆಸಬಹುದಾದ ಗೋಡೆಯ ಸಾಧನ. ಅದು ಬರುವ ದಾರಿ ಮೂರು: ಹೊರದೇಶದಲ್ಲಿರುವ ಮಗನೋ ಮಗಳೋ ಸೂಟ್‌ಕೇಸಿನಲ್ಲಿ ತರುತ್ತಾರೆ, ಆನ್‌ಲೈನ್‌ನಲ್ಲಿ ತರಿಸುತ್ತೇವೆ, ಇಲ್ಲವೇ ಕಟ್ಟಡದ ಕಾಂಟ್ರಾಕ್ಟರ್ ಹಾಕಿಸಿಕೊಟ್ಟು ಹೋಗಿರುತ್ತಾರೆ. ಮೂರರಲ್ಲೂ ತೊಂದರೆ ಒಂದೇ. ಜೊತೆಗೆ ಬರುವ ಪುಸ್ತಿಕೆ ಬರೆದವರ ಕಣ್ಣಮುಂದೆ ಇದ್ದದ್ದು ಬಾಯ್ಲರ್ ಇರುವ, ಒಣಹವೆಯ, ಕರೆಂಟ್ ಹೋಗದ ಮನೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗೋಡೆ ಬೆವರುವ ಮನೆಯಲ್ಲ.

ಆ್ಯಪ್‌ನಲ್ಲಿ ಏನೇನು ಮಾಡಬಹುದು ಎಂಬುದು ಕೊನೆಗೆ ನೋಡಿದರೂ ಸಾಕಾದ ವಿಷಯ. ಮೊದಲು ತಿಳಿಯಬೇಕಾದದ್ದು ಮೂರೇ ಸಂಗತಿ: ಇದು ಎಷ್ಟು ವೋಲ್ಟ್‌ನ ಸಾಧನ, ಇದರ ಒಳಗಿನ ರಿಲೇ (ಹೀಟರಿನ ಕರೆಂಟನ್ನು ಕೂಡಿಸಿ ಬಿಡಿಸುವ ಸ್ವಿಚ್) ಎಷ್ಟು ಆಂಪಿಯರ್ ಹೊರುತ್ತದೆ, ಇದರಿಂದ ಹೊರಗೆ ಬರುವುದು ಕರೆಂಟೋ ಅಥವಾ ಬರೀ ಸ್ವಿಚ್ ಸಂಪರ್ಕವೋ. ಈ ಮೂರಕ್ಕೂ ಉತ್ತರ ಡಬ್ಬಿಯ ಮೇಲೆ ಸಿಗುವುದಿಲ್ಲ. ಸಾಧನದ ಬೆನ್ನಿನ ಲೇಬಲ್ಲಿನಲ್ಲೂ ಆ ಲೇಬಲ್ ತೋರಿಸುವ ಡೇಟಾಶೀಟಿನಲ್ಲೂ (ತಯಾರಕರ ತಾಂತ್ರಿಕ ವಿವರದ ಹಾಳೆ) ಸಿಗುತ್ತದೆ.

ಹಂತ 1: ಬೆನ್ನಿನ ಲೇಬಲ್ಲಿನ ಫೋಟೋ

ಗೋಡೆಗೆ ಕೂರಿಸಿಬಿಟ್ಟರೆ ಲೇಬಲ್ ಮತ್ತೆ ಕಾಣುವುದಿಲ್ಲ. ಹಾಗಾಗಿ ಡಬ್ಬಿ ಬಿಚ್ಚಿದ ಕೂಡಲೇ ಹಿಂಭಾಗ, ಟರ್ಮಿನಲ್ ಸಾಲು (ತಂತಿ ಬಿಗಿಯುವ ಸ್ಕ್ರೂಗಳ ಸಾಲು), ಮುಖದ ಪ್ಲೇಟ್ ತೆಗೆದಾಗ ಕಾಣುವ ಸರ್ಕ್ಯೂಟ್ ಬೋರ್ಡ್, ಡಬ್ಬಿಯ ಬಾರ್‌ಕೋಡ್ ಬದಿ ಎಲ್ಲದರ ಫೋಟೋ ತೆಗೆದಿಡಿ. ಫ್ಲ್ಯಾಶ್ ಹಾಕಬೇಡಿ, ಹೊಳೆಯುವ ಲೇಬಲ್ ಬಿಳಿಚಿಕೊಳ್ಳುತ್ತದೆ. ಕಿಟಕಿ ಬೆಳಕು ಸಾಕು.

ಲೇಬಲ್ಲಿನ ಮೇಲೆ ಹಲವು ಸಂಖ್ಯೆ ಇರುತ್ತವೆ, ಎಲ್ಲವೂ ಒಂದೇ ಅಲ್ಲ. ಹುಡುಕಾಟಕ್ಕೆ ಬೇಕಾದದ್ದು ಮಾಡೆಲ್ ನಂಬರ್. ಸೀರಿಯಲ್ ನಂಬರ್ ನಿಮ್ಮ ಕೈಲಿರುವ ಒಂದೇ ಪೀಸಿನದು, ವಾರಂಟಿಗೆ ಬೇಕು. ಬಾರ್‌ಕೋಡಿನ ಕೆಳಗಿರುವುದು ಅಂಗಡಿಯವರ ಲೆಕ್ಕದ್ದು. ಮ್ಯಾಟರ್ (ಬೇರೆಬೇರೆ ಕಂಪನಿಗಳ ಸ್ಮಾರ್ಟ್ ಸಾಧನಗಳನ್ನು ಒಟ್ಟಿಗೆ ಜೋಡಿಸುವ ಸಾಮಾನ್ಯ ಮಾನದಂಡ) ಬೆಂಬಲವಿರುವ ಸಾಧನದಲ್ಲಿ ಕ್ಯೂಆರ್ ಕೋಡಿನ ಪಕ್ಕ 11 ಅಂಕಿಯ ಜೋಡಣೆ ಸಂಖ್ಯೆಯೂ ಇರುತ್ತದೆ. ರೀಸೆಟ್ ಮಾಡಿದ ದಿನ ಅದೇ ಬೇಕಾಗುವುದು. ಯಾರಲ್ಲಾದರೂ ಸಲಹೆ ಕೇಳಲು ಫೋಟೋ ಕಳಿಸುವಾಗ ಈ ಸಂಖ್ಯೆಯನ್ನೂ ಕ್ಯೂಆರ್ ಕೋಡನ್ನೂ ಮುಚ್ಚಿ ಕಳಿಸಿ.

ಹಂತ 2: ಮಾಡೆಲ್ ನಂಬರಿನ ಬಾಲ

ಮಾಡೆಲ್ ನಂಬರನ್ನು ಅರ್ಧ ಓದುವುದೇ ಎಲ್ಲಕ್ಕಿಂತ ದೊಡ್ಡ ತಪ್ಪು. ನಮ್ಮಲ್ಲಿ ಆನ್‌ಲೈನ್‌ನಲ್ಲಿ ಬಹಳ ಸಿಗುವ ಬಿಎಚ್‌ಟಿ-002 ಸರಣಿಯನ್ನೇ ನೋಡಿ. ಮುಖ ಒಂದೇ, ಪರದೆ ಒಂದೇ, ಆ್ಯಪ್ ಒಂದೇ. ನಂಬರಿನ ಬಾಲದಲ್ಲಿ ಜಿಎ ಇದ್ದರೆ ಅದು ಬಿಸಿನೀರಿನ ಪೈಪಿನ ವಾಲ್ವ್ ನಡೆಸುವಂಥದು, 3 ಆಂಪಿಯರ್. ಜಿಬಿ ಇದ್ದರೆ ಎಲೆಕ್ಟ್ರಿಕ್ ಹೀಟಿಂಗಿನದು, 16 ಆಂಪಿಯರ್. ಜಿಸಿ ಇದ್ದರೆ ಗ್ಯಾಸ್ ಬಾಯ್ಲರ್‌ಗೆ ಸಂಕೇತ ಕೊಡುವಂಥದು. 3 ಆಂಪಿಯರ್‌ನದಕ್ಕೆ 2,000 ವ್ಯಾಟ್ ಹೀಟರ್ ಕಟ್ಟಿದರೆ ರಿಲೇಯ ಸಂಪರ್ಕಬಿಂದು ಬೆಸೆದುಕೊಳ್ಳುತ್ತದೆ. ಆಮೇಲೆ ಪರದೆ ‘ಆಫ್’ ಅಂದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಮಾರಾಟದ ಪುಟದಲ್ಲಿ ಮೂರಕ್ಕೂ ಒಂದೇ ಚಿತ್ರ ಹಾಕಿರುತ್ತಾರೆ, ಬೆಲೆಯಲ್ಲೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ಆರ್ಡರ್ ಮಾಡುವಾಗ ಆರಿಸಿದ್ದನ್ನೇ ನಂಬಿ ಕೂರದೆ, ಬಂದ ಪೀಸಿನ ಬೆನ್ನನ್ನು ನೋಡಿ.

ಪ್ರತಿ ತಯಾರಕರದೂ ಅವರವರ ಅಕ್ಷರಗಳು. ಡೇಟಾಶೀಟಿನಲ್ಲಿ ಅಕ್ಷರಕ್ಕೊಂದು ಅರ್ಥ ಬರೆದ ಕೋಷ್ಟಕ ಹೆಚ್ಚಾಗಿ ಇರುತ್ತದೆ. ಅದನ್ನು ಹುಡುಕಿ ನಿಮ್ಮ ನಂಬರನ್ನು ಕೊನೆಯ ಅಕ್ಷರದವರೆಗೂ ಬಿಡಿಸಿಕೊಳ್ಳಿ.

ಹಂತ 3: ಸರಿಯಾದ ಹಾಳೆ ಎಲ್ಲಿದೆ

ಡಬ್ಬಿಯಲ್ಲಿರುವ ಮಡಚಿದ ಕಾಗದ ಕ್ವಿಕ್ ಗೈಡ್. ಅದರಲ್ಲಿ ವೈಫೈ ಜೋಡಣೆ ಬಿಟ್ಟರೆ ಹೆಚ್ಚೇನೂ ಇರದು. ನಿಮಗೆ ಬೇಕಾದದ್ದು ಇನ್‌ಸ್ಟಾಲೇಶನ್ ಮ್ಯಾನ್ಯುಯಲ್ ಮತ್ತು ಡೇಟಾಶೀಟ್. ಮೊದಲನೆಯದರಲ್ಲಿ ವೈರಿಂಗ್ ಚಿತ್ರ, ಒಳ ಮೆನುವಿನ ಸೆಟ್ಟಿಂಗ್, ದೋಷದ ಕೋಡ್ ಇರುತ್ತವೆ. ಎರಡನೆಯದರಲ್ಲಿ ವೋಲ್ಟೇಜ್, ಆಂಪಿಯರ್, ತೇವಾಂಶದ ಮಿತಿ, ಸೆನ್ಸರ್ ವಿವರ.

ತಯಾರಕರ ತಾಣದಲ್ಲಿ ‘ಸಪೋರ್ಟ್’ ಅಥವಾ ‘ಡೌನ್‌ಲೋಡ್ಸ್’ ವಿಭಾಗದಿಂದ ಶುರುಮಾಡಿ. ಅಲ್ಲಿ ಸಿಗದಿದ್ದರೆ ಸರ್ಚ್ ಎಂಜಿನ್‌ನಲ್ಲಿ ಪೂರ್ತಿ ಮಾಡೆಲ್ ನಂಬರನ್ನು ಉದ್ಧರಣ ಚಿಹ್ನೆಯೊಳಗೆ ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲಿ ಫೈಲ್‌ಟೈಪ್, ಕೋಲನ್, ಪಿಡಿಎಫ್ ಎಂದು ಜಾಗ ಬಿಡದೆ (filetype:pdf) ಸೇರಿಸಿ. ಮಾರಾಟದ ಪುಟಗಳೆಲ್ಲ ಬದಿಗೆ ಸರಿದು ಪಿಡಿಎಫ್‌ಗಳು ಮಾತ್ರ ಬರುತ್ತವೆ. ಸಾಧನ ಹಳೆಯದಾಗಿ ಪುಟವೇ ತೆಗೆದುಹಾಕಿದ್ದರೆ, ಆ ವಿಳಾಸವನ್ನು ಹಳೆಯ ಪುಟಗಳ ಪ್ರತಿ ಇಟ್ಟಿರುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷೀನ್‌ಗೆ ಕೊಟ್ಟು ನೋಡಿ. ಹಾಳೆಯ ಕೊನೆಯ ಪುಟದ ಮೂಲೆಯಲ್ಲಿ ಸಾಮಾನ್ಯವಾಗಿ ಆವೃತ್ತಿ ಸಂಖ್ಯೆ, ತಾರೀಖು ಇರುತ್ತವೆ. ಎರಡು ಆವೃತ್ತಿ ಸಿಕ್ಕಿದರೆ ನಿಮ್ಮ ಸಾಧನದ ತಯಾರಿಕೆಯ ದಿನಕ್ಕೆ ಹತ್ತಿರದ್ದನ್ನು ಇಟ್ಟುಕೊಳ್ಳಿ. ಹೊಸದೇ ಸರಿ ಎಂದೇನಿಲ್ಲ, ನಡುವೆ ಟರ್ಮಿನಲ್ ಸಾಲಿನ ಕ್ರಮ ಬದಲಾಗಿರಲೂಬಹುದು.

ಇನ್ನೊಂದು ದಾರಿ ಬಹಳ ಜನಕ್ಕೆ ಗೊತ್ತಿಲ್ಲ. ಅಮೆರಿಕದಲ್ಲೂ ಮಾರುವ, ವೈಫೈಯಂಥ ರೇಡಿಯೋ ತರಂಗ ಬಳಸುವ ಸಾಧನವಾದರೆ ಲೇಬಲ್ಲಿನಲ್ಲಿ ಎಫ್‌ಸಿಸಿ (ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ) ಐಡಿ ಇರುತ್ತದೆ. ಅದರ ಮೊದಲ ಭಾಗ ಕಂಪನಿಯ ಗುರುತು: ಅಕ್ಷರದಿಂದ ಶುರುವಾದರೆ 3, ಅಂಕಿಯಿಂದ ಶುರುವಾದರೆ 5 ಸ್ಥಾನ. ಉಳಿದದ್ದು ಸಾಧನದ ಗುರುತು. ಎಫ್‌ಸಿಸಿಯ ಸಾರ್ವಜನಿಕ ಕಡತದಲ್ಲಿ ಇವೆರಡನ್ನೂ ಕೊಟ್ಟರೆ ಬಳಕೆದಾರರ ಕೈಪಿಡಿಯ ಜೊತೆಗೆ ಹಲವು ಸಲ ಸಾಧನ ಬಿಚ್ಚಿದ ಒಳಗಿನ ಫೋಟೋಗಳೂ ಸಿಗುತ್ತವೆ. ರಿಲೇ ಮೇಲೆ ಅಚ್ಚಾದ ಆಂಪಿಯರ್ ಆ ಫೋಟೋದಲ್ಲೇ ಓದಬಹುದು. ಡಬ್ಬಿ 16 ಅಂದು ರಿಲೇ 10 ಅಂದರೆ ರಿಲೇಯನ್ನು ನಂಬಿ. ಒಂದು ಎಚ್ಚರಿಕೆ: ಲೇಬಲ್ಲಿನಲ್ಲಿ ‘ಕಂಟೇನ್ಸ್’ ಎಂಬ ಪದದ ಮುಂದೆ ಐಡಿ ಇದ್ದರೆ ಅದು ಒಳಗಿರುವ ವೈಫೈ ಮಾಡ್ಯೂಲಿನದು, ಥರ್ಮೋಸ್ಟಾಟಿನದಲ್ಲ.

ನಮ್ಮ ದೇಶದ ಗುರುತುಗಳ ಪೈಕಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿಯ ‘ಆರ್’ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ಪರೀಕ್ಷಿಸಬಹುದು. ಬರುವ ವಿವರದಲ್ಲಿ ಉತ್ಪನ್ನದ ಹೆಸರು ಓದಿ. ‘ಅಡಾಪ್ಟರ್’ ಎಂದಿದ್ದರೆ ನೋಂದಣಿಯಾಗಿರುವುದು ಜೊತೆಗೆ ಕೊಟ್ಟ ಚಾರ್ಜರ್ ಅಷ್ಟೇ.

ಚೀನಿ ಭಾಷೆಯ ಹಾಳೆ ಮಾತ್ರ ಸಿಕ್ಕಿದರೆ ಫೋನಿನ ಕ್ಯಾಮೆರಾ ಅನುವಾದ ಸಾಕಾಗುತ್ತದೆ, ನಗು ಬಂದರೂ ಸಹಿಸಿಕೊಳ್ಳಿ. ‘ಬೆಂಕಿಯ ತಂತಿ’ ಎಂದು ಬಂದರೆ ಫೇಸ್, ‘ಸೊನ್ನೆ ತಂತಿ’ ಎಂದು ಬಂದರೆ ನ್ಯೂಟ್ರಲ್.

ಹಂತ 4: ಲೇಬಲ್ಲಿನ ಒಂದೊಂದು ಸಾಲು

ಎಲೆಕ್ಟ್ರಿಕ್ ಹೀಟಿಂಗಿನ ಥರ್ಮೋಸ್ಟಾಟಿನ ಹಿಂದೆ ಸಾಮಾನ್ಯವಾಗಿ ಹೀಗೆ ಬರೆದಿರುತ್ತದೆ: 95–240 ವಿ ಎಸಿ, 50/60 ಹರ್ಟ್ಸ್, 16(2)ಎ, ಟಿ50, ಐಪಿ20, ಟೈಪ್ 1.ಬಿ, ಪೊಲ್ಯೂಶನ್ ಡಿಗ್ರಿ 2, ಎನ್‌ಟಿಸಿ 10ಕೆ.

ಮೊದಲ ಸಾಲು ಸಪ್ಲೈ. ಮೇಲಿನ ಮಿತಿ 240 ಎಂದಿದ್ದರೆ ನಿಮ್ಮ ಮನೆಯ ವೋಲ್ಟೇಜನ್ನು ಸಂಜೆ ಏಳಕ್ಕೊಮ್ಮೆ, ನಡುರಾತ್ರಿಯ ಮೇಲೊಮ್ಮೆ ಮಲ್ಟಿಮೀಟರಿನಲ್ಲಿ ಅಳೆದು ನೋಡಿ. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಇರುವ ಮನೆಗೆ ರಾತ್ರಿ ಲೋಡ್ ಇಳಿದಾಗ ವೋಲ್ಟೇಜ್ ಏರುತ್ತದೆ, ತೋಟದ ಕೊನೆಯ ಮನೆಗೆ ಸಂಜೆ ಹೊತ್ತು ಇಳಿಯುತ್ತದೆ.

16(2)ಎ ಎಂಬುದರಲ್ಲಿ ಆವರಣದ ಹೊರಗಿನ 16, ಕಾಯಿಲ್ ಬಿಸಿಯಾಗುವಂಥ ಲೋಡಿಗೆ: ಹೀಟಿಂಗ್ ಮ್ಯಾಟ್, ಗೀಸರ್, ಆಯಿಲ್ ಹೀಟರ್. ಒಳಗಿನ 2, ಮೋಟರಿನಂಥ, ಕಾಂತದ ಸುರುಳಿ ಇರುವ ಲೋಡಿಗೆ: ಪಂಪ್, ಫ್ಯಾನ್. 16 ಇದೆಯಲ್ಲ ಎಂದು ಅರ್ಧ ಎಚ್‌ಪಿ ಪಂಪನ್ನು ನೇರವಾಗಿ ಕಟ್ಟುವವರಿದ್ದಾರೆ. ಮೋಟರ್ ಶುರುವಾಗುವ ಕ್ಷಣದಲ್ಲಿ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು ಇರುವುದರಿಂದ ಆ ರಿಲೇ ಬಹಳ ದಿನ ಬಾಳುವುದಿಲ್ಲ.

ಟಿ50 ಅಂದರೆ ಸುತ್ತಲಿನ ಉಷ್ಣಾಂಶ 50 ಡಿಗ್ರಿವರೆಗೆ ಇರಬಹುದು. ಕೊಡಗಿನಲ್ಲಿ ಇದರ ಚಿಂತೆ ಬೇಡ, ಗೀಸರ್ ಮೇಲಿನ ಮುಚ್ಚಿದ ಗೂಡಿನಲ್ಲಿ ಇಡದಿದ್ದರೆ ಸಾಕು. ಐಪಿ20ರಲ್ಲಿ ಮೊದಲ ಅಂಕಿ 2 ಅಂದರೆ ಬೆರಳು ಒಳಗೆ ಹೋಗದು. ಎರಡನೆಯದು 0 ಅಂದರೆ ನೀರಿನಿಂದ ಯಾವ ರಕ್ಷಣೆಯೂ ಇಲ್ಲ. ಬಚ್ಚಲಿಗೆ, ಇರಚಲು ಬಡಿಯುವ ಜಗಲಿಗೆ ಇದು ಸಲ್ಲದು.

ಟೈಪ್ 1.ಬಿ ಎಂಬುದನ್ನು ಯಾರೂ ಓದುವುದಿಲ್ಲ, ಓದಬೇಕಾದದ್ದು ಇದೇ. ಥರ್ಮೋಸ್ಟಾಟಿನಂಥ ನಿಯಂತ್ರಕಗಳಿಗೆ ಅನ್ವಯಿಸುವ ಐಇಸಿ 60730 ಮಾನದಂಡದ ಭಾಷೆಯಲ್ಲಿ ‘ಎ’ ಅಂದರೆ ಪೂರ್ಣ ಬೇರ್ಪಡಿಕೆ, ‘ಬಿ’ ಅಂದರೆ ಸೂಕ್ಷ್ಮ ಬೇರ್ಪಡಿಕೆ, ಬಿಟ್ಟ ಸಂಪರ್ಕಗಳ ನಡುವಿನ ಅಂತರ ಕಿರಿದು. ಪರದೆಯಲ್ಲಿ ಆಫ್ ಎಂದಿದ್ದರೂ ಆ ಲೈನ್ ಕೈಹಾಕಲು ಯೋಗ್ಯವಲ್ಲ. ಹೀಟರ್ ರಿಪೇರಿಗೆ ಎಂಸಿಬಿಯನ್ನೇ (ಬೋರ್ಡಿನಲ್ಲಿ ಆ ಲೈನಿಗಿರುವ ಬ್ರೇಕರ್) ಇಳಿಸಬೇಕು. ಅದೇ ಹಾಳೆಯಲ್ಲಿ ‘ಸಾಫ್ಟ್‌ವೇರ್ ಕ್ಲಾಸ್ ಎ’ ಎಂದಿದ್ದರೆ, ಸುರಕ್ಷತೆಗಾಗಿ ಈ ಸಾಫ್ಟ್‌ವೇರನ್ನು ನೆಚ್ಚಿಕೊಳ್ಳಬಾರದು ಎಂದು ತಯಾರಕರೇ ಒಪ್ಪಿಕೊಂಡಂತೆ. ಗೀಸರ್ ಒಳಗಿನ ಥರ್ಮಲ್ ಕಟ್‌ಔಟನ್ನು ‘ಸ್ಮಾರ್ಟ್ ಬಂತಲ್ಲ’ ಎಂದು ಬೈಪಾಸ್ ಮಾಡುವುದು ಅಪಾಯವನ್ನು ಕೈಯಾರೆ ಕರೆತಂದಂತೆ.

ಹಂತ 5: ಯಾವ ಜಾತಿಯದು

ವೈರಿಂಗ್ ಚಿತ್ರ ಬಿಡಿಸಿ ಟರ್ಮಿನಲ್‌ಗಳ ಹೆಸರು ನೋಡಿ. ಆರ್, ಸಿ, ಡಬ್ಲ್ಯೂ, ವೈ, ಜಿ ಎಂಬ ಅಕ್ಷರಗಳಿದ್ದರೆ ಅದು ಉತ್ತರ ಅಮೆರಿಕದ 24 ವೋಲ್ಟ್ ಎಸಿ ಸಾಧನ. ಆರ್ ಅಂದರೆ 24 ವೋಲ್ಟ್ ಸಪ್ಲೈ, ಸಿ ಅದರ ಮರುದಾರಿ, ಡಬ್ಲ್ಯೂ ಹೀಟಿಂಗ್, ವೈ ಕೂಲಿಂಗ್, ಜಿ ಫ್ಯಾನ್. ಸೂಟ್‌ಕೇಸಿನಲ್ಲಿ ಬರುವುದು ಹೆಚ್ಚಾಗಿ ಇದೇ. ಇದಕ್ಕೆ ನಮ್ಮ 230 ವೋಲ್ಟ್ ತಾಗಿಸಿದರೆ ಆ ಕ್ಷಣವೇ ಸುಟ್ಟುಹೋಗುತ್ತದೆ. 230ರಿಂದ 24ಕ್ಕೆ ಇಳಿಸುವ ಎಸಿ ಟ್ರಾನ್ಸ್‌ಫಾರ್ಮರ್, 24 ವೋಲ್ಟ್ ಕಾಯಿಲಿನ ಕಾಂಟ್ಯಾಕ್ಟರ್ (ಭಾರಿ ಕರೆಂಟ್ ಹೊರುವ ದೊಡ್ಡ ರಿಲೇ) ಎರಡೂ ಹಾಕಿ ಓಡಿಸಬಹುದು, ಅಸಾಧ್ಯವೇನಲ್ಲ. ಆದರೆ ಒಂದು ಹೀಟರಿಗಾಗಿ ಇಷ್ಟು ಗೋಜಲು ಯಾಕೆ? ಅದನ್ನು ಕೊಟ್ಟವರಿಗೇ ಮರಳಿಸುವುದು ಲೇಸು.

ಕಾಮ್, ಎನ್‌ಒ, ಎನ್‌ಸಿ ಎಂದಿದ್ದರೆ ಒಳಗೆ ಬರೀ ಸ್ವಿಚ್ ಸಂಪರ್ಕ. ಅದರಿಂದ ಕರೆಂಟ್ ಹೊರಗೆ ಬರುವುದಿಲ್ಲ, ಹೊರಗಿನ ಒಂದು ಲೈನನ್ನು ಕೂಡಿಸಿ ಬಿಡಿಸುತ್ತದೆ ಅಷ್ಟೇ. ಬಾಯ್ಲರ್‌ಗಳಿಗೆ ಇದು. ನಮ್ಮಲ್ಲಿ ಹೀಟ್‌ಪಂಪ್ ವಾಟರ್ ಹೀಟರಿಗೆ ಹೊರಗಿನಿಂದ ಆನ್-ಆಫ್ ಸಂಕೇತ ಕೊಡಲು ಉಪಯೋಗಕ್ಕೆ ಬರುತ್ತದೆ, ಹೀಟ್‌ಪಂಪಿನ ಹಾಳೆಯಲ್ಲಿ ಅಂಥ ಟರ್ಮಿನಲ್ ತೋರಿಸಿದ್ದರೆ ಮಾತ್ರ.

ಎಲ್, ಎನ್, ಲೋಡ್ ಎಲ್, ಲೋಡ್ ಎನ್ ಎಂದಿದ್ದರೆ ಅದು 230 ವೋಲ್ಟ್‌ನ ಲೈನ್ ವೋಲ್ಟೇಜ್ ಸಾಧನ. ಕೊಡಗಿನ ಮನೆಗೆ ನೇರವಾಗಿ ಸಲ್ಲುವುದು ಇದೊಂದೇ. ಎನ್ ಇದೆ ಅಂದಮೇಲೆ ಸ್ವಿಚ್ ಬಾಕ್ಸಿಗೆ ನ್ಯೂಟ್ರಲ್ ಬೇಕು. ಹಳೆಯ ವೈರಿಂಗಿನಲ್ಲಿ ಸ್ವಿಚ್‌ಗೆ ಫೇಸ್ ಮಾತ್ರ ಇಳಿಸಿರುತ್ತಾರೆ. ಆಗ ಪಕ್ಕದ ಸಾಕೆಟ್‌ನಿಂದ ಅರ್ಥ್ ಎಳೆದು ನ್ಯೂಟ್ರಲ್ ಬದಲಿಗೆ ಕೊಡುವ ಜಾಣತನ ಮಾಡಲೇಬೇಡಿ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇದ್ದರೆ ಅದು ಟ್ರಿಪ್ ಆಗುತ್ತದೆ, ಇಲ್ಲದಿದ್ದರೆ ಎಲ್ಲಾದರೂ ಅರ್ಥ್ ತಂತಿ ಬಿಟ್ಟುಹೋದ ದಿನ ಗೀಸರಿನ ಮೈಯೇ ಶಾಕ್ ಹೊಡೆಯುತ್ತದೆ.

ಚಿತ್ರದಲ್ಲಿರುವ ಬಣ್ಣಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. ಯುರೋಪಿನ ಚಿತ್ರದಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ಅಮೆರಿಕದ ಮನೆ ವೈರಿಂಗಿನಲ್ಲಿ ಕಪ್ಪು ಫೇಸ್, ಬಿಳಿ ನ್ಯೂಟ್ರಲ್. ನಮ್ಮಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್; ಕಪ್ಪು ನ್ಯೂಟ್ರಲ್; ಹಸಿರು ಅರ್ಥ್. ಅಂದರೆ ಅವರ ನ್ಯೂಟ್ರಲ್ ನಮ್ಮ ಫೇಸ್ ಆಗಬಹುದು, ಅವರ ಫೇಸ್ ನಮ್ಮ ನ್ಯೂಟ್ರಲ್ ಆಗಬಹುದು. ಬಣ್ಣ ಬಿಟ್ಟು ಅಕ್ಷರ ನೋಡಿ, ಅಕ್ಷರ ನೋಡಿದ ಮೇಲೂ ಟೆಸ್ಟರ್ ಹಾಕಿ. 230 ವೋಲ್ಟ್‌ನ ಈ ಕೆಲಸ ಲೈಸೆನ್ಸ್ ಇರುವ ಎಲೆಕ್ಟ್ರೀಷಿಯನ್ನರದು. ನಿಮ್ಮ ಪಾಲಿನದು ಅವರ ಕೈಗೆ ಸರಿಯಾದ ಹಾಳೆ ಕೊಡುವುದು.

ಬಾಕ್ಸಿನ ವಿಷಯವನ್ನೂ ಇಲ್ಲೇ ನೋಡಿಬಿಡಿ. ಇಂಥ ಬಹಳಷ್ಟು ಸಾಧನಗಳು 86 ಮಿಲಿಮೀಟರ್ ಚೌಕದ ಬಾಕ್ಸಿಗೆ ಅಥವಾ ಯುರೋಪಿನ 60 ಮಿ.ಮೀ. ದುಂಡು ಬಾಕ್ಸಿಗೆ ಅಳತೆಯಾದವು. ನಮ್ಮ ಮಾಡ್ಯುಲರ್ ಬಾಕ್ಸಿನ ಸ್ಕ್ರೂ ತೂತುಗಳಿಗೆ ಹೊಂದುವುದಿಲ್ಲ. ಗಾರೆ ಮಾಡಿ ಟೈಲ್ಸ್ ಹಾಕುವ ಮೊದಲೇ ಸರಿಯಾದ ಬಾಕ್ಸ್ ತರಿಸಿ ಹುದುಗಿಸಿ.

ಹಂತ 6: ಲೋಡಿನ ಲೆಕ್ಕ

ವ್ಯಾಟನ್ನು ವೋಲ್ಟ್‌ನಿಂದ ಭಾಗಿಸಿದರೆ ಆಂಪಿಯರ್. 2,000 ವ್ಯಾಟ್ ಆಯಿಲ್ ಹೀಟರ್ 230ರಲ್ಲಿ 8.7 ಆಂಪಿಯರ್. 3,000 ವ್ಯಾಟ್ ಗೀಸರ್ 13 ಆಂಪಿಯರ್. ಚದರ ಮೀಟರಿಗೆ 150 ವ್ಯಾಟ್‌ನ ಮ್ಯಾಟ್ 10 ಚದರ ಮೀಟರಿಗೆ ಹಾಸಿದರೆ 1,500 ವ್ಯಾಟ್, 6.5 ಆಂಪಿಯರ್. 16 ಆಂಪಿಯರ್ ರಿಲೇಗೆ ಕಾಗದದ ಮೇಲೆ 3,680 ವ್ಯಾಟ್ ಬರುತ್ತದೆ. ಗಂಟೆಗಟ್ಟಲೆ ಓಡುವ ಹೀಟಿಂಗಿಗೆ ಅದರ ಶೇ. 80, ಅಂದರೆ ಸುಮಾರು 2,900 ವ್ಯಾಟ್‌ಗೆ ನಿಲ್ಲಿಸುವುದು ಒಳ್ಳೆಯದು. ಆ ಲೆಕ್ಕದಲ್ಲಿ 3,000 ವ್ಯಾಟ್ ಗೀಸರ್ ಗಡಿಯಲ್ಲೇ ಇದೆ. ಅದಕ್ಕಿಂತ ಮೇಲೆ ಹೋದರೆ 25 ಆಂಪಿಯರ್‌ನ, 230 ವೋಲ್ಟ್ ಕಾಯಿಲಿನ ಎರಡು ಪೋಲ್ ಕಾಂಟ್ಯಾಕ್ಟರ್ ಹಾಕಿಸಿ. ಭಾರ ಹೊರುವುದು ಕಾಂಟ್ಯಾಕ್ಟರ್. ಥರ್ಮೋಸ್ಟಾಟ್ ಅದರ ಕಾಯಿಲಿಗೆ ಕರೆಂಟ್ ಕೊಡುತ್ತದೆ. ಕಾಂಟ್ಯಾಕ್ಟರಿನ ಲೇಬಲ್ಲಿನಲ್ಲಿ ಎಸಿ-1 ಎದುರಿನ ಆಂಪಿಯರ್ ಹೀಟರಿಗೆ, ಎಸಿ-3 ಎದುರಿನದು ಮೋಟರಿಗೆ.

ತಂತಿ 2.5 ಚದರ ಮಿ.ಮೀ. ತಾಮ್ರದ್ದು, ಬೋರ್ಡಿನಿಂದ ದೂರ ಹೆಚ್ಚಿದ್ದರೆ 4. ಲೈನಿಗೊಂದು ಎಂಸಿಬಿ, ಮೇಲೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಟರ್ಮಿನಲ್ ಸ್ಕ್ರೂ ಸಡಿಲವಿದ್ದರೆ ಮಿಕ್ಕಿದ್ದೆಲ್ಲ ಸರಿಯಿದ್ದೂ ಪ್ಲಾಸ್ಟಿಕ್ ಕರಕಲಾಗುತ್ತದೆ. ಹಾಕಿದ ಒಂದು ವಾರಕ್ಕೆ ಎಂಸಿಬಿ ಇಳಿಸಿ ಮತ್ತೊಮ್ಮೆ ಬಿಗಿ ಮಾಡಿಸಿ.

ವೋಲ್ಟೇಜ್ ಇಳಿದರೆ ಬಿಸಿ ಎಷ್ಟು ಇಳಿಯುತ್ತದೆ? ವರ್ಗದ ಲೆಕ್ಕದಲ್ಲಿ. 230ರಲ್ಲಿ 2,000 ವ್ಯಾಟ್ ಕೊಡುವ ಹೀಟರ್ 190ರಲ್ಲಿ ಸುಮಾರು 1,365 ವ್ಯಾಟ್ ಕೊಡುತ್ತದೆ. ‘ಥರ್ಮೋಸ್ಟಾಟ್ ಸರಿಯಿಲ್ಲ, ಕೋಣೆ ಬಿಸಿಯಾಗುತ್ತಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ಹೀಟರ್ ಬಗ್ಗೆ ಒಂದು ಮಾತು. ಗುಬುಟು ತಿರುಗಿಸುವ ಆಯಿಲ್ ಹೀಟರ್ ಆದರೆ ಹೊರಗಿನ ಥರ್ಮೋಸ್ಟಾಟ್ ಕರೆಂಟ್ ಕೊಟ್ಟ ಕೂಡಲೇ ಶುರುವಾಗುತ್ತದೆ. ರಿಮೋಟ್, ಡಿಜಿಟಲ್ ಪರದೆ ಇರುವಂಥವು ಹಲವು ಕರೆಂಟ್ ಬಂದಮೇಲೂ ಸ್ಟ್ಯಾಂಡ್‌ಬೈಯಲ್ಲೇ ಉಳಿಯುತ್ತವೆ, ಅವಕ್ಕೆ ಇದು ಹೊಂದದು. ಕೆಂಪಗೆ ಕಾಯುವ ರಾಡ್ ಹೀಟರನ್ನಂತೂ ಯಾರೂ ಇಲ್ಲದ ಕೋಣೆಯಲ್ಲಿ ಫೋನಿನಿಂದ ಆನ್ ಮಾಡುವ ವ್ಯವಸ್ಥೆ ಬೇಡವೇ ಬೇಡ. ಕಿಟಕಿಯ ಪರದೆ ಹಾರಿ ಮೇಲೆ ಬಿದ್ದರೆ ನೋಡುವವರಿಲ್ಲ.

ಹಂತ 7: ವೈಫೈ, ಝಿಗ್‌ಬೀ, ಝಡ್-ವೇವ್

ಡೇಟಾಶೀಟಿನಲ್ಲಿ 802.11 ಬಿ/ಜಿ/ಎನ್, 2.4 ಗಿಗಾಹರ್ಟ್ಸ್ ಎಂದಿದ್ದರೆ 5 ಗಿಗಾಹರ್ಟ್ಸ್ ಅದಕ್ಕೆ ಕಾಣುವುದೇ ಇಲ್ಲ. ಜೋಡಣೆ ಆಗದಿದ್ದರೆ ರೌಟರಿನಲ್ಲಿ 2.4ಕ್ಕೆ ಬೇರೆ ಹೆಸರು ಕೊಟ್ಟು, ಭದ್ರತೆಯನ್ನು ಡಬ್ಲ್ಯೂಪಿಎ2ಗೆ ಇಟ್ಟು ನೋಡಿ. ಕೊಡವರ ಪೂರ್ವಿಕರ ಐನ್‌ಮನೆಯಂಥ ದಪ್ಪ ಗೋಡೆಯ ಮನೆಯಲ್ಲಿ ಎರಡು ಗೋಡೆ ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ಗೋಡೆ ಕೊರೆಯುವ ಮುನ್ನ ಅದೇ ಜಾಗದಲ್ಲಿ ಫೋನ್ ಹಿಡಿದು ಸಿಗ್ನಲ್ ಅಳೆಯಿರಿ: –65 ಡಿಬಿಎಂ ಇದ್ದರೆ ನೆಮ್ಮದಿ, –80 ದಾಟಿದರೆ ದಿನಾ ಕಿರಿಕಿರಿ.

ಝಿಗ್‌ಬೀ, ಝಡ್-ವೇವ್ ಎರಡೂ ವೈಫೈ ಅಲ್ಲದ ಬೇರೆ ನಿಸ್ತಂತು ವಿಧಾನಗಳು. ಝಿಗ್‌ಬೀಗೆ ಹಬ್ (ಸಾಧನವನ್ನು ಮನೆಯ ನೆಟ್ಟಿಗೆ ಸೇರಿಸುವ ಪೆಟ್ಟಿಗೆ) ಬೇಕು. ಝಡ್-ವೇವ್ ಸಾಧನವಾದರೆ ದೇಶ ನೋಡಿಯೇ ಕೊಳ್ಳಿ: ಭಾರತದ್ದು 865.2 ಮೆಗಾಹರ್ಟ್ಸ್, ಯುರೋಪಿನದು 868.4, ಅಮೆರಿಕದ್ದು 908.4. ಒಂದು ಇನ್ನೊಂದಕ್ಕೆ ಮಾತಾಡುವುದಿಲ್ಲ, ಪರದೇಶದ ತರಂಗವನ್ನು ಇಲ್ಲಿ ಬಳಸುವುದೂ ನಿಯಮಕ್ಕೆ ವಿರುದ್ಧ.

ಹಂತ 8: ಸೆನ್ಸರ್

ಎನ್‌ಟಿಸಿ 10ಕೆ, ಬಿ 3950 ಎಂದರೆ 25 ಡಿಗ್ರಿಯಲ್ಲಿ 10 ಕಿಲೋಓಮ್ ಪ್ರತಿರೋಧ, ಬಿಸಿ ಏರಿದಂತೆ ಅದು ಇಳಿಯುತ್ತದೆ; ಎಷ್ಟು ಬೇಗ ಇಳಿಯುತ್ತದೆ ಎಂಬುದನ್ನು ಬಿ ಸಂಖ್ಯೆ ಹೇಳುತ್ತದೆ. ನೆಲದ ಸೆನ್ಸರ್ ಸರಿಯಿದೆಯೇ ನೋಡಲು ಎಂಸಿಬಿ ಇಳಿಸಿ, ಸೆನ್ಸರಿನ ಎರಡೂ ತಂತಿ ಟರ್ಮಿನಲ್‌ನಿಂದ ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆಯಿರಿ. 15 ಡಿಗ್ರಿಯಲ್ಲಿ ಸುಮಾರು 15.8, 20ರಲ್ಲಿ 12.5, 30ರಲ್ಲಿ 8 ಕಿಲೋಓಮ್ ಬರಬೇಕು. ಮೀಟರ್ ಏನೂ ತೋರಿಸದಿದ್ದರೆ ತಂತಿ ತುಂಡಾಗಿದೆ, ಸೊನ್ನೆ ತೋರಿಸಿದರೆ ಶಾರ್ಟ್ ಆಗಿದೆ. ಪರದೆಯಲ್ಲಿ ಇ1, ಇ2 ಎಂದು ಬರುವ ಕೋಡ್‌ಗಳು ಸಾಮಾನ್ಯವಾಗಿ ಇವೇ, ಯಾವುದು ಯಾವುದೆಂದು ನಿಮ್ಮ ಮಾಡೆಲಿನ ಕೋಷ್ಟಕದಲ್ಲಿ ನೋಡಿ.

ಅಂಗಡಿಯಲ್ಲಿ ‘10ಕೆ ಸೆನ್ಸರ್’ ಎಂದು ಕೇಳಿದರೆ ಬಿ 3380ರದ್ದನ್ನು ಕೊಟ್ಟುಬಿಡಬಹುದು. 25 ಡಿಗ್ರಿಯಲ್ಲಿ ಎರಡೂ ಒಂದೇ ಓದುವುದರಿಂದ ಮಧ್ಯಾಹ್ನ ಪರೀಕ್ಷಿಸಿದರೆ ತಪ್ಪು ಗೊತ್ತಾಗದು. ಮಡಿಕೇರಿಯ ಜನವರಿ ಮುಂಜಾವಿಗೆ ಬಂದರೆ ನಿಜವಾದ 15 ಡಿಗ್ರಿಯನ್ನು ಅದು 16.4 ಎಂದು ತೋರಿಸುತ್ತದೆ. ಚಳಿ ಹೆಚ್ಚಾದಷ್ಟೂ ಸುಳ್ಳು ದೊಡ್ಡದಾಗುತ್ತದೆ. ನೆಲದ ಸೆನ್ಸರನ್ನು ಗಾರೆಯಲ್ಲಿ ನೇರ ಹುದುಗಿಸದೆ ತುದಿ ಮುಚ್ಚಿದ ಪೈಪಿನೊಳಗೆ ತೂರಿಸಿ, ಹಾಳಾದರೆ ಟೈಲ್ಸ್ ಒಡೆಯದೆ ಬದಲಿಸಬಹುದು.

‘ನಿಖರತೆ ±0.5’ ಮತ್ತು ‘ಪ್ರದರ್ಶನ 0.1’ ಬೇರೆಬೇರೆ. ಪರದೆ 19.3 ಎಂದರೂ ಕೋಣೆ 18.8ರಿಂದ 19.8ರ ನಡುವೆ ಎಲ್ಲಾದರೂ ಇರಬಹುದು. ಇದಲ್ಲದೆ 16 ಆಂಪಿಯರ್ ಸಾಧನ ಬಹಳ ಹೊತ್ತು ಲೋಡ್ ಹೊತ್ತರೆ ತನ್ನ ಬಿಸಿಗೆ ತಾನೇ ಒಂದೆರಡು ಡಿಗ್ರಿ ಹೆಚ್ಚು ಓದುತ್ತದೆ.

ಹಂತ 9: ಒಳ ಮೆನು

ಇನ್‌ಸ್ಟಾಲರ್ ಮೆನುವಿಗೆ ಹೋಗುವ ದಾರಿ ಮಾಡೆಲಿಗೊಂದು: ಆಫ್ ಮಾಡಿ ಎರಡು ಗುಂಡಿ ಒಟ್ಟಿಗೆ ಒತ್ತಿಹಿಡಿಯುವುದು ಸಾಮಾನ್ಯ. ಏನನ್ನೂ ಮುಟ್ಟುವ ಮೊದಲು ಇರುವ ಎಲ್ಲ ಸೆಟ್ಟಿಂಗುಗಳನ್ನೂ ಬರೆದುಕೊಳ್ಳಿ.

ಡೆಡ್ ಝೋನ್ ಅಥವಾ ಹಿಸ್ಟೆರೆಸಿಸ್, ಅಂದರೆ ಗುರಿಯಿಂದ ಎಷ್ಟು ಸರಿದರೆ ಆನ್-ಆಫ್ ಆಗಬೇಕು ಎಂಬ ಅಂತರ, ಮೊದಲು ನೋಡಿ. ಗುರಿ 20, ಅಂತರ 1 ಎಂದಿದ್ದರೆ ಕೆಲವು ಸಾಧನ 19ಕ್ಕೆ ಆನ್, 20ಕ್ಕೆ ಆಫ್. ಕೆಲವು 19ಕ್ಕೆ ಆನ್, 21ಕ್ಕೆ ಆಫ್. ಅಂತರವನ್ನು ತೀರಾ ಕಿರಿದು ಮಾಡಿದರೆ ರಿಲೇ ಟಕ್‌ಟಕ್ ಅನ್ನುತ್ತಲೇ ಇದ್ದು ಬೇಗ ಸವೆಯುತ್ತದೆ. ಹಂಚಿನ ಮಾಡಿನ ಕೋಣೆಯಲ್ಲಿ ಬಿಸಿ ಬೇಗ ಸೋರುವುದರಿಂದ 1ಕ್ಕಿಂತ ಇಳಿಸದಿರುವುದು ವಾಸಿ.

ಸೆನ್ಸರ್ ಆಯ್ಕೆಯಲ್ಲಿ ಒಳಗಿನದು, ನೆಲದ್ದು, ಎರಡೂ ಎಂದು ಮೂರು ಇರುತ್ತವೆ. ಮ್ಯಾಟ್ ಇದ್ದರೆ ‘ಎರಡೂ’ ಆರಿಸಿ, ನೆಲದ ಮಿತಿ ಹಾಕಿ: ಟೈಲ್ಸಿನ ಮೇಲ್ಮೈಗೆ 29, ಮರದ ನೆಲಕ್ಕೆ 27 ಡಿಗ್ರಿ. ಕಾರ್ಖಾನೆಯಿಂದ ಬರುವಾಗ ಈ ಮಿತಿ 40ಕ್ಕೂ ಮೇಲೆ ಇರುವುದುಂಟು.

ಕರೆಂಟ್ ಬಂದಾಗ ಏನು ಮಾಡಬೇಕು ಎಂಬ ಸೆಟ್ಟಿಂಗಿನಲ್ಲಿ ‘ಹಿಂದಿನ ಸ್ಥಿತಿ’ ಮತ್ತು ‘ಆಫ್’ ಇರುತ್ತವೆ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುವ ಊರಿನಲ್ಲಿ, ಜನ ಇರುವ ಮನೆಗೆ ಹಿಂದಿನ ಸ್ಥಿತಿ, ಅತಿಥಿ ಬಂದುಹೋಗುವ ಕಾಟೇಜಿಗೆ ಆಫ್ ಸರಿ. ಹೀಟರ್ ಲೈನ್ ಇನ್‌ವರ್ಟರಿನ ಮೇಲೆ ಬಂದಿಲ್ಲವೆಂದು ಖಾತ್ರಿಮಾಡಿಕೊಳ್ಳಿ. ಕರೆಂಟ್ ಹೋದ ಕೂಡಲೇ ಇನ್‌ವರ್ಟರ್ ಓವರ್‌ಲೋಡ್ ಎಂದು ಕೂಗಿದರೆ ಮೊದಲು ನೋಡಬೇಕಾದದ್ದು ಅದನ್ನೇ.

ಕ್ಯಾಲಿಬ್ರೇಶನ್ (ಸಾಧನ ಓದುವ ಉಷ್ಣಾಂಶವನ್ನು ತಿದ್ದುವುದು) ಮಾಡುವುದಾದರೆ ಹೀಟರ್ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು, ಒಳ್ಳೆಯ ಥರ್ಮಾಮೀಟರನ್ನು ಅದೇ ಎತ್ತರದಲ್ಲಿ ಹಿಡಿದು ಹೋಲಿಸಿ.

ಹಂತ 10: ತೇವ, ಸಿಡಿಲು, ಇರುವೆ

ಡೇಟಾಶೀಟಿನಲ್ಲಿ ‘ತೇವಾಂಶ 5–95%, ನಾನ್ ಕಂಡೆನ್ಸಿಂಗ್’ ಎಂದಿರುತ್ತದೆ. 95 ನೋಡಿ ಸಮಾಧಾನಪಡಬೇಡಿ, ಮುಖ್ಯವಾದದ್ದು ಆಮೇಲಿನ ಮಾತು: ಹನಿ ಕಟ್ಟಬಾರದು. ಭಾಗಮಂಡಲದ ಕಡೆ ಜುಲೈನಲ್ಲಿ ಹೊರಗೋಡೆಯ ಒಳಮೈಯಲ್ಲಿ ನೀರು ಇಳಿಯುವಾಗ ಆ ಮಾತು ಮುರಿದಂತೆ. ಸಾಧನವನ್ನು ಒಳಗೋಡೆಗೆ, ನೆಲದಿಂದ 1.2ರಿಂದ 1.5 ಮೀಟರ್ ಎತ್ತರಕ್ಕೆ, ಬಾಗಿಲ ಗಾಳಿಯಿಂದ ದೂರ ಹಾಕಿಸಿ. ಬಾಕ್ಸಿಗೆ ತಂತಿ ಬರುವ ಪೈಪಿನ ಬಾಯನ್ನು ಎಲೆಕ್ಟ್ರಿಕಲ್ ಸೀಲಂಟಿನಿಂದ ಮುಚ್ಚಿಸಿ. ಅಟ್ಟದ ತಣ್ಣಗಾಳಿ ಆ ಪೈಪಿನಲ್ಲೇ ಇಳಿದು ಸೆನ್ಸರಿಗೆ ತಾಗಿ ಉಷ್ಣಾಂಶ ಕಡಿಮೆ ಓದಿಸುತ್ತದೆ. ಇರುವೆ ಬರುವುದೂ ಅದೇ ದಾರಿಯಲ್ಲಿ. ಬೆಚ್ಚಗಿನ ರಿಲೇ ಪಕ್ಕ ಗೂಡುಕಟ್ಟುವುದು ಅವಕ್ಕೆ ಬಲು ಇಷ್ಟ.

ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಗೆ ಮೇನ್ ಬೋರ್ಡಿನಲ್ಲಿ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಬೇಕು, ಅದು ಕೆಲಸ ಮಾಡಲು ಅರ್ಥಿಂಗ್ ಸರಿ ಇರಬೇಕು. ಲೇಬಲ್ಲಿನ ‘ರೇಟೆಡ್ ಇಂಪಲ್ಸ್ 2,500 ವಿ’ ಅಥವಾ ‘4,000 ವಿ’ ಎಂಬುದು ಸಾಧನ ತಾಳುವ ಕ್ಷಣಿಕ ಏಟು. ಹತ್ತಿರದ ಸಿಡಿಲಿನ ಮುಂದೆ ಅದು ಲೆಕ್ಕಕ್ಕಿಲ್ಲ.

ಹಂತ 11: ಕ್ಲೌಡಿನ ಆಯುಷ್ಯ

ಆ್ಯಪ್ ನಡೆಯುವುದು ಕಂಪನಿಯ ಸರ್ವರ್ ಇರುವವರೆಗೆ. ಗೂಗಲ್ 2011 ಮತ್ತು 2012ರ ಮೊದಲೆರಡು ತಲೆಮಾರಿನ ನೆಸ್ಟ್ ಲರ್ನಿಂಗ್ ಥರ್ಮೋಸ್ಟಾಟ್‌ಗಳ ಬೆಂಬಲವನ್ನು 2025ರ ಅಕ್ಟೋಬರ್ 25ಕ್ಕೆ ನಿಲ್ಲಿಸಿತು. ಗೋಡೆಯ ಮೇಲೆ ಕೈಯಲ್ಲಿ ತಿರುಗಿಸಿದರೆ ಅವು ಈಗಲೂ ಕೆಲಸ ಮಾಡುತ್ತವೆ, ಫೋನಿನಿಂದ ಆಗುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಮ್ಯಾನ್ಯುಯಲ್‌ನಲ್ಲಿ ಎರಡು ಉತ್ತರ ಹುಡುಕಿ: ಇಂಟರ್ನೆಟ್ ಇಲ್ಲದೆ ವೇಳಾಪಟ್ಟಿ ಓಡುತ್ತದೆಯೇ, ಕರೆಂಟ್ ಹೋದಾಗ ಗಡಿಯಾರ ಉಳಿಯುತ್ತದೆಯೇ. ಗಡಿಯಾರ ಇಂಟರ್ನೆಟ್‌ನಿಂದಲೇ ಸಮಯ ಪಡೆಯುವಂಥದಾದರೆ, ಕೇಬಲ್ ತುಂಡಾಗಿ ನೆಟ್ ಇಲ್ಲದ ವಾರದಲ್ಲಿ ಹೀಟರ್ ನಡುಮಧ್ಯಾಹ್ನ ಶುರುವಾಗಬಹುದು. ಪರೀಕ್ಷೆ ಸುಲಭ: ರೌಟರ್ ಆಫ್ ಮಾಡಿ, ಎಂಸಿಬಿ ಇಳಿಸಿ, ಹತ್ತು ನಿಮಿಷ ಬಿಟ್ಟು ಎಂಸಿಬಿ ಮಾತ್ರ ಏರಿಸಿ, ಪರದೆಯ ಸಮಯ ನೋಡಿ.

ಎಲ್ಲ ಮುಗಿದ ಮೇಲೆ ಒಂದು ಹಾಳೆಯಲ್ಲಿ ಪೂರ್ತಿ ಮಾಡೆಲ್ ನಂಬರ್, ಎಂಸಿಬಿಯ ಸಂಖ್ಯೆ, ಸೆನ್ಸರಿನ ಬಿ ಸಂಖ್ಯೆ, ಹಾಕಿದ ದಿನ ಅಳೆದ ಕಿಲೋಓಮ್, ಒಳ ಮೆನುವಿನ ಸೆಟ್ಟಿಂಗುಗಳು ಇಷ್ಟನ್ನೂ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ಮೇನ್ ಬೋರ್ಡಿನ ಬಾಗಿಲಿನ ಒಳಗೆ ಅಂಟಿಸಿ. ಪೆನ್ಸಿಲಿನಲ್ಲೇ ಬರೆಯಿರಿ, ಮಳೆಗಾಲದ ತೇವಕ್ಕೆ ಪೆನ್ನಿನ ಶಾಯಿ ಹರಡಿ ಅಂಕಿ ಓದಲಾಗುವುದಿಲ್ಲ.